ಪಾಲಿಗೆ ಬಂದ ಅಂಕಿಗಳು

ಶಿವರಾತ್ರಿ ಹತ್ತಿರ ಬಂದಿತ್ತು. ಕಡಲೆ ಕಿತ್ತು ಒಟ್ಟುವ ದಿನಗಳು. ಬಿಸಿಲೇರಿದರೆ ಕಾಯಿ ಉದುರುತ್ತವೆಂದು ಹೆಣ್ಣುಮಕ್ಕಳು ಇಬ್ಬನಿ ಆರುವ ಮೊದಲೇ ಹೊಲಕ್ಕಿಳಿಯುತ್ತಿದ್ದರು. ಹೊತ್ತೇರುವಷ್ಟರಲ್ಲಿ ಬೆರಳಿಗೆಲ್ಲ ಕಡಲೆಯ ಹುಳಿ ಹತ್ತಿಸಿಕೊಂಡು ತಿರುಗಿ ಬರುತ್ತಿದ್ದರು. ಜೋಳ ಕೊಯ್ದವರ ಒಣದಂಟಿನ ಕಣಿಕೆ ಟ್ರ್ಯಾಕ್ಟರಿನ ಮೇಲೆ ಊರೊಳಗೆ ಬರತೊಡಗಿತ್ತು. ಬೇಲೂರು ಕೈಗಾರಿಕಾ ಪ್ರದೇಶದ ಬೆನ್ನಿಗೆ ಹತ್ತಿಕೊಂಡ ಆ ಊರಿಗೆ ಒಂದು ಮಗ್ಗುಲಿನಿಂದ ಕಾರ್ಖಾನೆಯ ಸೈರನ್ನು ಕೇಳಿದರೆ ಇನ್ನೊಂದು ಮಗ್ಗುಲಿನಿಂದ ಕಣದ ಧೂಳು ಬರುತ್ತಿತ್ತು.

ಸುಗ್ಗಿ ಬಂತೆಂದರೆ ಫಾರೂಕನಿಗೆ ಓಣಿಯ ಬಾಯಲ್ಲಿ ನಿಲ್ಲುವ ಕೆಲಸ. ಊರಿನ ಮನೆಗಳಿಗೆಲ್ಲ ಇಂಟರ್ನೆಟ್ ಕೊಟ್ಟವನು ಅವನೇ. ತಂತಿಗಳು ಮಾಳಿಗೆಯಿಂದ ಮಾಳಿಗೆಗೆ, ಕಂಬದಿಂದ ಬೇವಿನ ಮರಕ್ಕೆ ಹಾಯ್ದಿದ್ದವು. ಕಣಿಕೆ ಹೇರಿದ ಟ್ರೇಲರು ಎತ್ತರಕ್ಕೆ ಎತ್ತರ. ನೋಡದೆ ಬಿಟ್ಟರೆ ಒಂದೇ ಏಟಿಗೆ ಅರ್ಧ ಊರಿನ ತಂತಿ ಹರಿದುಕೊಂಡು ಹೋಗುತ್ತಿತ್ತು. ಅದಕ್ಕೇ ತುದಿಗೆ ಕವಲಿದ್ದ ಬಿದಿರಿನ ಗಳ ಹಿಡಿದು ನಿಂತು, ಟ್ರ್ಯಾಕ್ಟರು ಬಂದಾಗ ತಂತಿಯನ್ನು ಎತ್ತಿ ಹಿಡಿದು, ದಾಟಿಸಿ, ಮೆಲ್ಲಗೆ ಇಳಿಸಬೇಕು. ದಾಟಿದವರು ಮೇಲಿನಿಂದ ಒಂದು ಸಿವುಡು ಕಣಿಕೆ ಎಳೆದು ಒಗೆಯುತ್ತಿದ್ದರು. ಅದು ಅವನ ಮನೆಯ ಆಡಿನ ಮೇವಿಗೆ. ಇದನ್ನು ಯಾರೂ ಮಾತಾಡಿ ಠರಾಯಿಸಿದ್ದಲ್ಲ, ನಡೆದುಕೊಂಡು ಬಂದದ್ದು.

ಆ ಮುಂಜಾನೆ ಲಕ್ಕಪ್ಪನ ಟ್ರೇಲರು ದಾಟುತ್ತಿತ್ತು. ಕಣಿಕೆಯ ಮೇಲೆ ಕೂತಿದ್ದ ಲಕ್ಕಪ್ಪ ತಂತಿ ತನ್ನ ರುಮಾಲಿಗೆ ತಾಗದ ಹಾಗೆ ತಲೆ ಬಗ್ಗಿಸಿ, "ಏ ಫಾರೂಕಣ್ಣಾ, ತಂತೀನರ ಎತ್ತಿ ಹಿಡದಿ. ಅದರಾಗ ಏನರ ಹರೀತೈತೋ ಇಲ್ಲೋ ಅಷ್ಟ ನೋಡು" ಎಂದ.

"ಯಾಕೋ? ಏನಾತು?"

"ನಿನ್ನೆಯಿಂದ ಸೇವಾ ಕೇಂದ್ರದಾಗ ಗದ್ದಲ ನಡದೈತಿ. ಕಡ್ಲಿಗೆ ಬೆಂಬಲ ಬೆಲಿ ಹೆಸರು ಹಚ್ಚಾಕ ಹೋದ್ರ ಸರಕಾರದ ಸೈಟು ತಗೀವಲ್ದು. ಸಿನಿಮಾ ಮಾತ್ರ ಛಲೋ ತಗೀತೈತಿ. ನಮ್ಮ ಕಡ್ಲಿ ಸಿನಿಮಾದವ್ರು ಕೊಳ್ತಾರೇನ?"

ಫಾರೂಕ ಗಳವನ್ನು ಗೋಡೆಗಾನಿಸಿ ಹೊರಟ.

ಸೇವಾ ಕೇಂದ್ರ ಇದ್ದದ್ದು ಮಿಶನ್ ಶಾಲೆಯ ಹಳೆಯ ಕೋಣೆಯಲ್ಲಿ. ನಡೆಸುತ್ತಿದ್ದವಳು ನ್ಯಾನ್ಸಿ. ಜಗಲಿಯ ಮೇಲೆ, ಜಗಲಿಯ ಕೆಳಗೆ, ಬೇವಿನ ನೆರಳಿನಲ್ಲಿ ರೈತರು ಕೂತಿದ್ದರು. ಹೆಸರು ಹಚ್ಚಲು ಆ ದಿನವೇ ಕಡೆಯ ದಿನ. ಹೆಸರು ಇಲ್ಲದವನು ಕಡಲೆಯನ್ನು ಪೇಟೆಯಲ್ಲಿ ಕೇಳಿದ ದರಕ್ಕೆ ಕೊಟ್ಟು ಬರಬೇಕು.

ನ್ಯಾನ್ಸಿ ತನ್ನ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ ಅದರಿಂದ ನಡೆಸಲು ನೋಡಿದ್ದಳು. ಹೆಬ್ಬೆಟ್ಟು ಒತ್ತುವ ಹೊತ್ತಿಗೆ ಸರಿಯಾಗಿ ಅದು ಕಡಿಯುತ್ತಿತ್ತು. "ಒಬ್ಬೊಬ್ಬರಿಗೆ ಅರ್ಧರ್ಧ ತಾಸ ಹಿಡ್ಯಾಕತ್ತೇತ್ರಿ ಅಣ್ಣಾ" ಎಂದಳು. "ನಿಮ್ಮ ಲೈನು ಪೂರ್ತಿ ಸತ್ತಿದ್ರ ಒಂದು ಮಾತು. ಅರ್ಧಾ ಸತ್ತೇತಿ, ಅರ್ಧಾ ಬದಕೇತಿ. ನಾ ಏನಂತ ತಿಳ್ಕೋಬೇಕು?"

ಫಾರೂಕನಿಗೂ ತಿಳಿಯಲಿಲ್ಲ. ತಂತಿ ನೋಡಿದ, ಪೆಟ್ಟಿಗೆ ನೋಡಿದ, ಎಲ್ಲ ಸರಿಯಾಗಿತ್ತು. ಅವನು ಸಗಟಿಗೆ ಇಂಟರ್ನೆಟ್ ಕೊಳ್ಳುತ್ತಿದ್ದ ಎರಡು ಕಂಪನಿಗಳಲ್ಲಿ ದೊಡ್ಡದಕ್ಕೆ ಫೋನು ಹಚ್ಚಿದ. ಸುತ್ತ ಮಂದಿ ಕೇಳಲೆಂದು ಸ್ಪೀಕರಿನ ಮೇಲೇ ಇಟ್ಟ. ತನ್ನ ತಪ್ಪಿಲ್ಲವೆಂದು ಎಲ್ಲರಿಗೂ ಗೊತ್ತಾಗಲಿ ಎಂಬ ಆಸೆ.

ಆ ಕಡೆಯ ಹುಡುಗಿ ಮೆತ್ತಗೆ ಹೇಳಿದಳು. "ಸರ್, ನಿಮ್ಮ ಊರಿನ ಇಂಟರ್ನೆಟ್ ವಿಳಾಸದ ಅಂಕಿಗಳು ನಿಮ್ಮವು ಅಲ್ಲ ಅಂತ ತೋರಿಸ್ತಾ ಇದೆ. ಅವುಗಳ ಮಾಲೀಕರು ಸಹಿ ಹಾಕಿದಾರೆ, ನಮ್ಮನ್ನು ಬಿಟ್ಟು ಬೇರೆ ಯಾರು ಅವು ತಮ್ಮವು ಅಂತ ಸಾರಿದರೂ ನಂಬಬೇಡಿ ಅಂತ. ನಿನ್ನೆಯಿಂದ ನಾವೂ ಸಹಿ ನೋಡಿ ತಗೊಳ್ಳೋಕೆ ಶುರು ಮಾಡಿದೀವಿ. ಮಾಲೀಕರು ಮಕಬೂಲಸಾಬ ಅಂತ, ಗಬ್ಬೂರು, ಹುಬ್ಬಳ್ಳಿ."

ಮಕಬೂಲಸಾಬ ಫಾರೂಕನ ಒಡಹುಟ್ಟಿದ ಅಣ್ಣ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಫಾರೂಕ ಫೋನನ್ನು ಜೇಬಿಗೆ ತುರುಕಿ ಜಗಲಿಯ ಕಡೆ ತಿರುಗಿದ. "ನೋಡ್ರಪಾ ನಮ್ಮ ಭಾಯಿ ಮಾಡಿದ್ದು! ಹಿರ್‍ಯಾರ ಮುಂದ ಕೂತು ಪಾಲು ಕೊಟ್ಟ, ಈಗ ಹಿಂದಿನ ಬಾಗಲಾ ಹಾಯ್ದು ಬಂದು ತಿರುಗಿ ಕಸಗೊಂಡಾನ. ಕಳ್ಳ!" ಎಂದು ಎಲ್ಲರಿಗೂ ಕೇಳುವಂತೆ ಅಂದ.

ನ್ಯಾನ್ಸಿ ಹೆಬ್ಬೆಟ್ಟಿನ ಯಂತ್ರವನ್ನು ಸುಮ್ಮನೆ ಸೆರಗಿನಿಂದ ಒರೆಸಿದಳು.

ಮನೆಗೆ ಬಂದು ಮೋಟರ್‌ಸೈಕಲ್ಲಿನ ಕೀಲಿ ಹುಡುಕುವಾಗ ಹೆಂಡತಿ ಮೈಮುನಾ ಎಲ್ಲ ಕೇಳಿಸಿಕೊಂಡಳು. ಹೋಗಬೇಡಿರೆಂದು ಅನ್ನಲಿಲ್ಲ. "ಹೋಗ್ರಿ. ಆದರ ಹೋದ ಕೂಡ್ಲೇ ಬಾಯಿ ತಗೀಬ್ಯಾಡ್ರಿ. ಅವರ ಮನ್ಯಾಗ ನೀರು ಕುಡೀರಿ, ಕೂಡ್ರಿ, ಆಮ್ಯಾಲ ಕೇಳ್ರಿ. ನೀರು ಕುಡದ ಮನ್ಯಾಗ ಮಂದಿ ಸ್ವಲ್ಪ ಸಣ್ಣ ದನಿಲೆ ಜಗಳಾಡ್ತಾರ" ಎಂದಳು.

ಬೈಪಾಸು ರಸ್ತೆಯ ಉದ್ದಕ್ಕೂ ಲಾರಿಗಳ ಗಾಳಿ ಅವನನ್ನು ತಳ್ಳುತ್ತಿತ್ತು. ಅವನ ತಲೆಯೊಳಗೆ ಪಾಲಾದ ದಿನ ತಿರುಗುತ್ತಿತ್ತು. ಅಣ್ಣ ತಮ್ಮ ಇಬ್ಬರೂ ಕೂಡಿ ತಟ್ಟೆಯ ಆಂಟೆನಾ ಇಟ್ಟು ಟೀವಿಯ ಕೇಬಲ್ ಶುರು ಮಾಡಿದ್ದರು. ಟೀವಿ ಹೋಗಿ ಇಂಟರ್ನೆಟ್ ಬಂದಾಗ ಅಣ್ಣ ಓಡಾಡಿ, ಅರ್ಜಿ ಗುಜರಾಯಿಸಿ, ತಮ್ಮದೇ ಅಂತ ಒಂದು ಸಾಲು ಅಂಕಿಗಳನ್ನು ತಂದಿದ್ದ. ಜಗತ್ತಿನ ಯಾವ ಮೂಲೆಯಿಂದಲಾದರೂ ಯಾರಾದರೂ ಕಳಿಸಿದ್ದು ಅವರ ಗಿರಾಕಿಯ ಮನೆಗೇ ಬಂದು ಮುಟ್ಟಬೇಕಾದರೆ ಆ ಅಂಕಿಗಳು ಬೇಕು, ಮನೆಗೆ ನಂಬರು ಇದ್ದ ಹಾಗೆ. ಮಕ್ಕಳು ದೊಡ್ಡವಾದವು, ಮನೆ ಸಣ್ಣದಾಯಿತು, ಪಾಲಾದರು. ಜಗಳವಿರಲಿಲ್ಲ. ಸೋದರಮಾವ ಬಡೇಸಾಬ ನಡುವೆ ಕೂತು ಕಂಬ ಹಂಚಿದ, ತಂತಿ ಹಂಚಿದ, ಊರು ಹಂಚಿದ. ಅಂಕಿಗಳಲ್ಲೂ ಮೇಲಿನ ಅರ್ಧ ಅಣ್ಣನಿಗೆ, ಕೆಳಗಿನ ಅರ್ಧ ಫಾರೂಕನಿಗೆ. ಫಾರೂಕ ತನ್ನ ದಂಧೆಗೆ, ಅಂಗಡಿಗೆ ಹೆಸರಿದ್ದ ಹಾಗೆ, ಬೇರೆ ಗುರುತು ಸಂಖ್ಯೆ ತೆಗೆಸಿಕೊಂಡು ಆ ಅರ್ಧವನ್ನು ಅದರಿಂದಲೇ ನಡೆಸಿದ್ದ. ಒಮ್ಮೆಯೂ ತೊಡಕು ಬಂದಿರಲಿಲ್ಲ.

ಈಗ ಹೀಗೆ.

ಗಬ್ಬೂರಿನ ಮನೆಯ ಅಂಗಳದಲ್ಲಿ ಮಕಬೂಲಸಾಬ ಒಂದು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ಬ್ರಷ್ಷಿನಿಂದ ಧೂಳು ಹೊಡೆಯುತ್ತ ಕೂತಿದ್ದ. ತಮ್ಮನನ್ನು ಕಂಡು ಬ್ರಷ್ಷು ಅಲ್ಲೇ ಬಿಟ್ಟು ಎದ್ದ. "ಬಾರೋ, ಬಾ. ಎಷ್ಟ ದಿನಾ ಆತು! ಮೈಮುನಾ ಆರಾಮ ಅದಾಳಿಲ್ಲ? ಶಾಯಿಸ್ತಾ, ಚಾಚಾ ಬಂದಾನ, ನೀರು ತಾ."

ಫಾರೂಕ ನೀರು ಕುಡಿದ. ತಂಬಿಗೆ ತಳ ಕಾಣುವವರೆಗೂ ಕುಡಿದ. ಮೈಮುನಾ ಹೇಳಿದ್ದು ಖರೆ; ದನಿ ಎತ್ತಲು ಆಗಲಿಲ್ಲ.

"ಭಾಯಿ" ಎಂದ. "ನನ್ನ ಮ್ಯಾಲ ಏನರ ಸಿಟ್ಟ ಐತೇನ?"

ಮಕಬೂಲಸಾಬ ನಕ್ಕ. "ಐತಿ. ಉರುಸಿಗೆ ಕರದ್ರ ಬರಲಿಲ್ಲ ನೀ. ಎರಡು ದಿನಾ ನಿನ್ನ ಪಾಲಿನ ಖುಷ್ಕಾ ನಾನ ತಿಂದೆ."

"ಹಂಗಲ್ಲ. ನನ್ನ ಅಂಕಿ ನನ್ನವಲ್ಲ ಅಂತ ನೀ ಸಹಿ ಮಾಡಿದಿ ಅಂತ ಕಂಪನ್ಯಾವ್ರು ಹೇಳಿದ್ರು. ಊರಾಗ ಕಡ್ಲಿಗೆ ಹೆಸರು ಹಚ್ಚಾಕ ರೈತರು ಮುಂಜಾನಿಯಿಂದ ಕುಂತಾರ."

ಅಣ್ಣನ ನಗೆ ಹೋಯಿತು. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. "ನಾ? ಸಹಿ?" ಎಂದು ಅಂಗೈ ನೋಡಿಕೊಂಡ, ಸಹಿ ಮಾಡಿದ ಕೈಗೆ ಮಸಿಯಾದರೂ ಹತ್ತಿರಬೇಕಲ್ಲ ಎನ್ನುವ ಹಾಗೆ. "ಶಾಯಿಸ್ತಾ!"

ಶಾಯಿಸ್ತಾ ಅವನ ಹಿರಿಯ ಮಗಳು. ವಿದ್ಯಾನಗರದ ಕಾಲೇಜಿನಲ್ಲಿ ಕಲಿತು ಬಂದವಳು. ಈಗ ಅಪ್ಪನ ದಂಧೆಯ ಕಂಪ್ಯೂಟರಿನ ಕೆಲಸವನ್ನೆಲ್ಲ ಅವಳೇ ನೋಡುತ್ತಿದ್ದಳು. ಚಹದ ಪಾತ್ರೆ ಇಳಿಸಿ, ಕೈ ಒರೆಸಿಕೊಂಡು ಬಂದು ನಿಂತಳು.

"ಸಹಿ ನಾ ಮಾಡೇನಿ ಅಬ್ಬಾ. ನಿಮಗ ಹೇಳಿದ್ನೆಲ್ಲ, ಹೋದ ತಿಂಗಳ. ಯಾವುದೋ ದೇಶದಾಗಿನ ಕಂಪನಿ ತಪ್ಪಿ ನಮ್ಮ ಅಂಕಿ ತನ್ನವು ಅಂತ ಸಾರಿತ್ತು. ಒಂದ ಹೊತ್ತು ಗಬ್ಬೂರಿಗೆ ಬರೂದೆಲ್ಲಾ ಅಲ್ಲಿಗೆ ಹೋತು."

"ಹೂಂ, ಹೇಳಿದ್ದಿ. ನಾ ಹೂಂ ಅಂದೆ" ಎಂದ ಮಕಬೂಲಸಾಬ. ತಮ್ಮನ ಕಡೆ ತಿರುಗಿ, "ಹೂಂ ಅಂದೆ, ಖರೇ. ತಿಳದು ಅಂದದ್ದಲ್ಲ" ಎಂದ.

ಅವಳು ಕಂಪ್ಯೂಟರಿನ ಮುಂದೆ ಇಬ್ಬರನ್ನೂ ಕೂಡಿಸಿಕೊಂಡು ಬಿಡಿಸಿ ಹೇಳಿದಳು. ಇಂಟರ್ನೆಟ್ಟಿನಲ್ಲಿ ಇಲ್ಲಿಯವರೆಗೆ ಬಾಯಿಮಾತಿನ ಮೇಲೆಯೇ ನಡೆದಿತ್ತು. ನಾವು ನಮ್ಮ ಮಗ್ಗುಲಿನವರಿಗೆ, ಈ ಅಂಕಿಗಳು ನಮ್ಮಲ್ಲಿವೆ, ಇಲ್ಲಿಗೆ ಬರುವುದನ್ನು ನಮ್ಮ ಕೈಗೆ ಕೊಡಿ ಎಂದು ಸಾರುತ್ತೇವೆ. ಅವರು ತಮ್ಮ ಮಗ್ಗುಲಿನವರಿಗೆ ಹೇಳುತ್ತಾರೆ. ಹಾಗೆ ಹಬ್ಬುತ್ತ ಜಗತ್ತಿಗೆಲ್ಲ ದಾರಿ ಗೊತ್ತಾಗುತ್ತದೆ. ಸುಳ್ಳು ಸಾರಿದರೂ ನಂಬುತ್ತಿದ್ದರು, ತಪ್ಪಿ ಸಾರಿದರೂ ನಂಬುತ್ತಿದ್ದರು. ಈಗ ಮಾಲೀಕ ಮೊದಲೇ ಸಹಿ ಮಾಡಿ ಇಡಬಹುದು: ನನ್ನ ಅಂಕಿಗಳನ್ನು ಇಂಥ ಗುರುತು ಸಂಖ್ಯೆಯವರು ಸಾರಿದರೆ ಮಾತ್ರ ಖರೆ. ಸಹಿ ನೋಡಿ ನಂಬುವವರು ದಿನದಿನಕ್ಕೆ ಹೆಚ್ಚಾಗುತ್ತಿದ್ದಾರೆ. ನೋಡದವರ ಮೂಲಕ ಫಾರೂಕನ ಊರಿಗೆ ದಾರಿ ಇನ್ನೂ ಇತ್ತು, ನೋಡುವವರ ಮೂಲಕ ಮುಚ್ಚಿತ್ತು. ಅರ್ಧ ಸತ್ತು ಅರ್ಧ ಬದುಕಿದ್ದು ಅದಕ್ಕೆ.

"ನಾ ಒಂದು ಸಾಫ್ಟ್‌ವೇರ್ ಹಾಕೇನಿ, ಯಾರರ ನಮ್ಮ ಅಂಕಿ ಸಾರಿದ್ರ ತೋರಸ್ತೈತಿ. ಪುಕ್ಕಟೆ ಸಿಗತೈತಿ. ಎಲ್ಲೆಲ್ಲಿಯವ್ರೋ ನಾಕ ಮಂದಿ ಕೂಡಿ ಬರದು, ಬೇಕಾದವ್ರು ತಗೋರಿ ಅಂತ ಬಿಟ್ಟಾರ. ಅದ ನಮಗ ಅವತ್ತು ಎಬ್ಬಿಸಿ ಹೇಳಿದ್ದು" ಎಂದಳು ಶಾಯಿಸ್ತಾ. "ಅದರಾಗ ಎರಡು ಗುರುತು ಸಂಖ್ಯೆ ಕಂಡ್ವು, ನಮ್ಮವಲ್ಲದ್ದು. ಒಂದು ಆ ದೇಶದ್ದು. ಇನ್ನೊಂದು ಯಾರದೋ ಗೊತ್ತಾಗಲಿಲ್ಲ. ಹೆಸರಿರಲಿಲ್ಲ, ಬರೇ ಸಂಖ್ಯೆ. ಇವನೂ ಕಳ್ಳನ ಅಂತ ತಿಳದು ಇಬ್ರಿಗೂ ಬಾಗಲಾ ಹಾಕಿದ್ನಿ."

ಅವಳು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಫಾರೂಕ ಬಗ್ಗಿ ನೋಡಿದ. ಎರಡನೆಯ ಕಳ್ಳನ ಗುರುತು ಸಂಖ್ಯೆ ಅವನದೇ ಆಗಿತ್ತು.

"ಇದು ನಂದವಾ" ಎಂದ.

ಶಾಯಿಸ್ತಾ ಬಾಯಿಗೆ ಕೈ ಹಚ್ಚಿದಳು. "ಚಾಚಾ! ನಿಮ್ಮದು ಬ್ಯಾರೆ ಸಂಖ್ಯಾ ಐತಿ ಅಂತ ನನಗ ಯಾರೂ ಹೇಳಲಿಲ್ಲ. ಪಾಲಾದಾಗ ನಾ ಹಾಸ್ಟೆಲಿನ್ಯಾಗ ಇದ್ನಿ. ಅಬ್ಬಾ ಯಾವತ್ತಿದ್ರೂ 'ನಮ್ಮ ಅಂಕಿ, ನಮ್ಮ ಅಂಕಿ' ಅಂತಾರ. ಅರ್ಧಾ ನಿಮ್ಮವು ಅಂತ ಒಮ್ಮಿನೂ ಅಂದಿಲ್ಲ."

"ಅಂದ್ರ ಏನು?" ಮಕಬೂಲಸಾಬ ಮಗಳ ಮೇಲೆ ರೇಗಿದ. "ಇವನ ಅಂಕಿ ನಮ್ಮ ಅಂಕಿ ಅಲ್ಲೇನು? ಪಾಲಾದ್ರ ಬ್ಯಾರೆ ಮಂದಿ ಆಗಿಬಿಡ್ತಾನೇನ?"

ಹೇಳಿದ್ದು ಸಿಟ್ಟಿನಲ್ಲಿ. ಆದರೆ ಫಾರೂಕನಿಗೆ ಆ ಮಾತು ಸಹಿಸುವುದು ಕಷ್ಟವಾಯಿತು. ಅವನು ಕೆಳಗೆ ನೋಡಿದ. ಪಾಲಾದ ಸಂಜೆ ಅಣ್ಣ ಹೇಳಿದ್ದು ಈಗ ನೆನಪಾಗಿತ್ತು. ಬಡೇಸಾಬ ಮಾವ ಎದ್ದು ಹೋದ ಮೇಲೆ ಮಕಬೂಲಸಾಬ, "ನಿನ್ನ ಅರ್ಧಾ ನಿನ್ನ ಹೆಸರಿಗೆ ಬರಸೂಣ ನಡಿ, ನೋಂದಣಿ ಆಫೀಸಿಗೆ ಕಾಗದಾ ಕಳಸೂಣ" ಎಂದಿದ್ದ. ಆಗ ಚಪ್ಪಲಿ ಮೆಟ್ಟುತ್ತಿದ್ದ ಫಾರೂಕ ಬಾಗಿಲಲ್ಲೇ ನಿಂತು, "ಕಾಗದಾ ಯಾತಕ್ಕ? ನಾ ಏನು ನಿನಗ ಪರಕೀಯನೇನು? ನಿನ್ನ ಮಾತ ನನಗ ಕಾಗದಾ" ಎಂದು ಎದೆಯುಬ್ಬಿಸಿ ಅಂದಿದ್ದ. ಅಣ್ಣ ಎರಡು ಸಲ ಕೇಳಿದ. ಎರಡು ಸಲವೂ ಅದೇ ಮಾತು.

ಅದೇ ಬಾಯಿಯಿಂದ ಈ ಮುಂಜಾನೆ ಅಣ್ಣನನ್ನು ಕಳ್ಳ ಎಂದು ಬಂದಿದ್ದ.

"ಈಗ ಮಾತು ಬಿಡ್ರಿ" ಎಂದ ಮಕಬೂಲಸಾಬ. "ಮೊದಲ ಅವನ ಊರಿನ ಲೈನು ಹೊತ್ತಿಸು. ಏನು ಮಾಡಬೇಕು? ನಮ್ಮ ಸಹಿ ಕಿತ್ತು ಒಗಿ. ಸಹಿ ಇಲ್ಲದ ನಾವು ಇಷ್ಟ ದಿನಾ ಬದಕಿಲ್ಲೇನು?"

"ಕಿತ್ತರ ಮತ್ತ ಆ ದೇಶದವ್ರು ತಪ್ಪಿ ಸಾರಿದ್ರ?"

"ಸಾರ್ಲಿ. ನಮ್ಮದು ಆರಿದ್ರ ಆರ್ಲಿ. ಇವನ ಊರಾಗ ರೈತರು ಕುಂತಾರ."

"ಕೀಳೂದು ಬ್ಯಾಡ ಅಬ್ಬಾ" ಎಂದಳು ಶಾಯಿಸ್ತಾ. "ಕೀಳಾಕ ಎಷ್ಟ ಹೊತ್ತೋ ಚಾಚಾಂದು ಸೇರ್ಸಾಕೂ ಅಷ್ಟ ಹೊತ್ತು. ಕೆಳಗಿನ ಅರ್ಧಾ ಈ ಸಂಖ್ಯೆಯವ್ರು ಸಾರಿದ್ರ ಖರೇ ಅಂತ ಇನ್ನೊಂದು ಸಹಿ ಮಾಡಿದ್ರಾತು."

ಅವಳು ಬರೆಯತೊಡಗಿದಳು. ಮಕಬೂಲಸಾಬನ ಫೋನಿಗೆ ಒಂದು ಗುಪ್ತ ಸಂಖ್ಯೆ ಬಂತು. ಚಾಳೀಸು ಮೂಗಿನ ಮೇಲೇರಿಸಿಕೊಂಡು ಓಣಿಗೆಲ್ಲ ಕೇಳುವ ಹಾಗೆ ಅದನ್ನು ಓದಿದ.

"ಅಬ್ಬಾ, ಅದು ಗುಪ್ತ ಸಂಖ್ಯಾ."

"ಹೂಂ, ಗುಪ್ತನ ಓದಿದೆ. ಮತ್ತ ಹ್ಯಾಂಗ ಓದಬೇಕು?"

ಫಾರೂಕನಿಗೆ ಆ ದಿನ ಮೊದಲ ಸಲ ನಗು ಬಂತು.

ಸಹಿಯಾಯಿತು. ಆದರೆ ಅದು ಊರೂರು ಮುಟ್ಟಬೇಕು. ಯಾರು ಯಾರು ಸಹಿ ನೋಡಿ ನಂಬುತ್ತಾರೋ ಅವರೆಲ್ಲ ತಮ್ಮ ಪಟ್ಟಿಯನ್ನು ತಿರುಗಿ ತರಿಸಿಕೊಳ್ಳುವವರೆಗೆ ಕಾಯಬೇಕು. ಯಾರನ್ನೂ ಅವಸರ ಮಾಡುವಂತಿರಲಿಲ್ಲ. ಫಾರೂಕ ನ್ಯಾನ್ಸಿಗೆ ಫೋನು ಮಾಡಿ, "ಮಂದೀನ ಕಳಸಬ್ಯಾಡವಾ, ಸಂಜಿಯೊಳಗ ಬರತೈತಿ" ಎಂದ. "ಯಾರೂ ಎದ್ದಿಲ್ರಿ ಅಣ್ಣಾ" ಎಂದಳು ಅವಳು. "ಲಕ್ಕಪ್ಪಣ್ಣ ಎಲ್ಲಾರಿಗೂ ಹಸಿ ಕಡ್ಲಿ ಸುಟ್ಟು ಕೊಟ್ಟಾನ. ತಿನಕೋತ ಕುಂತಾರ."

ಅಣ್ಣತಮ್ಮ ಒಂದೇ ತಟ್ಟೆಯಲ್ಲಿ ಉಂಡರು. ಬಹಳ ದಿನದ ಮೇಲೆ. ಮಕಬೂಲಸಾಬ ರೊಟ್ಟಿ ಮುರಿದು ತಮ್ಮನ ಕಡೆ ನೂಕುತ್ತ, "ನಿನ್ನ ಅರ್ಧಾ ಈ ಸಲ ನಿನ್ನ ಹೆಸರಿಗೆ ಬರಸೂಣ. ಒಲ್ಲೆ ಅನಬ್ಯಾಡ. ನಾಳಿ ನಾನೂ ಇರೂದಿಲ್ಲ, ನೀನೂ ಇರೂದಿಲ್ಲ. ಮಕ್ಳು ಸಂಖ್ಯಾ ನೋಡಿ ಕಳ್ಳ ಅಂತ ತಿಳೀಬಾರದು" ಎಂದ.

"ಆತು" ಎಂದ ಫಾರೂಕ. ಅಣ್ಣ ನೂಕಿದ ರೊಟ್ಟಿ ಎತ್ತಿಕೊಂಡ.

ಶಾಯಿಸ್ತಾ ಇನ್ನೂ ಕಂಪ್ಯೂಟರಿನ ಮುಂದೆಯೇ ಇದ್ದಳು. ಏನು ಮಾಡುತ್ತೀ ಎಂದು ಫಾರೂಕ ಕೇಳಿದ.

"ಆ ಸಾಫ್ಟ್‌ವೇರ್ ಬರದವ್ರಿಗೆ ಹೇಳಾಕತ್ತೇನ್ರಿ. ಗೊತ್ತಿಲ್ಲದ ಸಂಖ್ಯಾ ಕಂಡ ಕೂಡ್ಲೇ ಕಳ್ಳ ಅಂತ ಕೆಂಪಗ ತೋರಸಬ್ಯಾಡ್ರಿ, ಮೊದಲ 'ಇವರು ನಿಮ್ಮವ್ರ ಏನು, ಕೇಳಿ ನೋಡ್ರಿ' ಅಂತ ತೋರಸ್ರಿ ಅಂತ. ನಮ್ಮ ಮನ್ಯಾಗ ಆದದ್ದು ಹೆಸರಿಲ್ಲದ ಬರದೇನಿ."

"ಅವ್ರಿಗೆ ಏನರ ಕೊಡಬೇಕಲ್ಲ?"

"ಕೊಟ್ರೂ ತಗೊಳ್ಳೂದಿಲ್ಲ ಚಾಚಾ. ಮುಂದ ಯಾರರ ನಮ್ಮಂಗ ಎಡವಿದ್ರ ಅವ್ರಿಗೆ ಹೇಳಿಕೊಡ್ರಿ ಅಂತಾರ."

ಮುಖವನ್ನೇ ನೋಡದವರು, ಯಾವ ಸೀಮೆಯವರೋ. ಅವರು ಎಚ್ಚರಿಸದಿದ್ದರೆ ಗಬ್ಬೂರಿನ ಬಾಗಿಲು ತೆರೆದೇ ಇರುತ್ತಿತ್ತು. ಅವರ ಋಣ ಹೇಗೆ ತೀರುತ್ತದೋ ಫಾರೂಕನಿಗೆ ತಿಳಿಯಲಿಲ್ಲ. ಅದು ಇರಲಿ. ಆದರೆ ತೀರಿಸಬಹುದಾದ್ದು ಒಂದಿತ್ತು. ಅದನ್ನು ಇಲ್ಲಿ ಅಣ್ಣನ ಮುಂದೆ ಹೇಳಿ ತೀರಿಸಲು ಬರುವಂತಿರಲಿಲ್ಲ. ಕಳ್ಳ ಎಂಬ ಆ ಮಾತು ಬಿದ್ದದ್ದು ಬೇರೆಯವರ ಕಿವಿಯಲ್ಲಿ.

ಚಹಕ್ಕೆ ನಿಲ್ಲದೆ ಎದ್ದ. ಬಾಗಿಲಿನವರೆಗೆ ಬಂದ ಅಣ್ಣನ ಎರಡೂ ಕೈ ಹಿಡಿದುಕೊಂಡ. "ಯಾಕೋ, ಏನಾತು?" ಎಂದ ಮಕಬೂಲಸಾಬ. "ಏನಿಲ್ಲ ಭಾಯಿ. ಹೋಗಿ ಬರ್ತೇನಿ."

ಅವನು ಊರು ಮುಟ್ಟುವ ಹೊತ್ತಿಗೆ ಬಿಸಿಲು ಹಳದಿಗೆ ತಿರುಗಿತ್ತು. ಮಿಶನ್ ಶಾಲೆಯ ಅಂಗಳದ ತುಂಬ ಸುಟ್ಟ ಕಡಲೆಯ ಸಿಪ್ಪೆ. ಒಳಗೆ ನ್ಯಾನ್ಸಿ ತಲೆ ಎತ್ತದೆ ಕೆಲಸ ಮಾಡುತ್ತಿದ್ದಳು. ಯಂತ್ರ ಟಕ್ಕನೆ ಹಸಿರು ದೀಪ ತೋರುತ್ತಿತ್ತು, ಹೆಬ್ಬೆಟ್ಟಿನ ಹಿಂದೆ ಹೆಬ್ಬೆಟ್ಟು ಬೀಳುತ್ತಿತ್ತು. "ಬಂತ್ರಿ ಅಣ್ಣಾ, ಈಗರ ಬಂತು" ಎಂದಳು. "ಇನ್ನ ಯಾರನ್ನೂ ಬಿಡೂದಿಲ್ಲ, ಕತ್ತಲಾದ್ರೂ ಮುಗಿಸೇ ಏಳ್ತೇನಿ."

ಫಾರೂಕ ಜಗಲಿ ಹತ್ತಿ ನಿಂತ. ಮುಂಜಾನೆ ಇದ್ದವರೇ ಇದ್ದರು, ಒಬ್ಬರೂ ಹೋಗಿರಲಿಲ್ಲ. ಅದೇ ಒಳ್ಳೆಯದಾಯಿತೆಂದು ಅವನಿಗನ್ನಿಸಿತು.

"ಒಂದು ಮಾತು ಕೇಳ್ರಿ" ಎಂದ. "ಮುಂಜಾನಿ ಇಲ್ಲೇ ನಿಂತು ನಮ್ಮ ಭಾಯಿಗೆ ಕಳ್ಳ ಅಂದೆ. ಸುಳ್ಳು ಅದು. ಪಾಲಾದಾಗ ನಿನ್ನ ಹೆಸರಿಗೆ ಬರಸ್ಕೋ ಅಂತ ಅಂವ ಎರಡು ಸಲ ಅಂದಿದ್ದ, ಸೊಕ್ಕಿಲೆ ಬ್ಯಾಡ ಅಂದಾಂವ ನಾನು. ನಿಮ್ಮನ್ನ ಇವತ್ತು ಕುಂದ್ರಿಸಿದಾಂವನೂ ನಾನ. ಇದನ್ನ ಹಚ್ಚಿಕೊಟ್ಟಾಂವ ಅಂವ. ತನ್ನದು ಆರಿದ್ರೂ ಆರ್ಲಿ, ನಿಮ್ಮದು ಹೊತ್ತಿಸು ಅಂದ."

ಲಕ್ಕಪ್ಪ ಬಾಯಲ್ಲಿದ್ದ ಕಡಲೆ ನುಂಗಿ ರುಮಾಲು ಸರಿಮಾಡಿಕೊಂಡ.

"ಮುಂಜಾನಿ ಅಣ್ಣನ್ನ ಕಳ್ಳನ ಮಾಡಿದ್ದಿ, ಸಂಜಿಗೆ ದೇವರ ಮಾಡಾಕ ಹತ್ತಿದಿ" ಎಂದ. "ಎರಡೂ ಬಿಡು. ನಾಳಿಗೆ ಅವನ್ನ ಇಲ್ಲಿಗೆ ಕರಕೊಂಡು ಬಾ. ಕಡ್ಲಿ ಹೊಸಾದು ಬಂದೇತಿ, ಒಂದು ಚೀಲಾ ಕೊಟ್ಟು ಕಳಸೂಣಂತ."

"ಅವನಿಗೆ ಕಡ್ಲಿ ಅಂದ್ರ ಜೀವಾ" ಎಂದ ಫಾರೂಕ.

"ಮತ್ತ? ಈಗ ಸರಿ, ಕಾಲ ತಗಿ. ನನ್ನ ಪಾಳಿ ಬಂತು" ಎಂದು ಲಕ್ಕಪ್ಪ ಹೆಬ್ಬೆಟ್ಟನ್ನು ಧೋತರದ ಚುಂಗಿಗೆ ತಿಕ್ಕಿಕೊಳ್ಳುತ್ತ ಒಳಗೆ ಹೋದ.

ಫಾರೂಕ ಜಗಲಿಯ ತುದಿಗೆ, ಲಕ್ಕಪ್ಪ ಬಿಟ್ಟು ಎದ್ದ ಜಾಗದಲ್ಲಿ, ಕೂತ. ಪಕ್ಕದವರು ಕೇಳದೆಯೇ ಅವನ ಕೈಗೆ ಒಂದು ಹಿಡಿ ಬೆಚ್ಚಗಿನ ಕಡಲೆ ಹಾಕಿದರು.